ಸದ್ದಲೇ

ಕೌಲ್‌ಬಜಾರಿನ ಮೊದಲ ಗೇಟಿನ ಹತ್ತಿರ
ಶೇಕ್ಷಾವಲಿಯ ಮೊಬೈಲ್ ರಿಪೇರಿ ಅಂಗಡಿ.
ಎದುರಿಗೆ ನನ್ನ ಮಿರ್ಚಿ ಬಂಡಿ.
ವರ್ಷಕ್ಕೊಂದು ರಾತ್ರಿ, ಜೂನ್ ತಿಂಗಳಲ್ಲಿ,
ಹತ್ತು ಹೊಡೆದರೂ ನಾನು ಒಲೆ ಆರಿಸುವುದಿಲ್ಲ.

ಹದಿನೈದು ದಿನ ಮೊದಲೇ ಶುರು ಇವರದು.
ಏಳು ಸಮುದ್ರದಾಚೆ ಯಾವುದೋ ಕಂಪನಿ
ಕರೆಯೋಲೆ ಕಳಿಸಿರುತ್ತದೆ. ಇವರಿಗಲ್ಲ.
ಕಪ್ಪು ಹಾಳೆ, ನಡುವೆ ಬೆಳಕಿನ ಬಳೆ,
ಕೆಳಗೆ ಮೂರೇ ಮೂರು ಮಾತು.
ಅಷ್ಟಕ್ಕೇ
ಜೀನ್ಸ್ ಕಟಿಂಗಿನ ಗಾದಿಲಿಂಗ ಫೋನು ಮೂಗಿಗೆ ಹಿಡಿದು
ಬಳೆ ಎಡಕ್ಕೆ ತುಸು ದಪ್ಪಗೈತಿ ನೋಡು ಅನ್ನುತ್ತಾನೆ.
'ದಪ್ಪಗಿದ್ರೆ?'
'ಸುಮ್ನೆ ದಪ್ಪ ಆಗಲ್ಲಪ್ಪ ಅದು.'

ಮೈಲಾರದ ಡೆಂಕನಮರಡಿಯಲ್ಲಿ ಕಂಡಿದ್ದೇನೆ:
ಗೊರವಯ್ಯ ಬಿಲ್ಲೇರಿ ಆಕಾಶ ನೋಡುತ್ತಾನೆ,
ಸದ್ದಲೇ ಅನ್ನುತ್ತಾನೆ.
ಅಷ್ಟು ಜನ ಉಸಿರು ಹಿಡಿಯುತ್ತಾರೆ, ಕಂಕುಳ ಕೂಸೂ ಕೂಡ.
ಒಂದು ಸಾಲು ನುಡಿದು ಬೀಳುತ್ತಾನೆ.
ಅವನನ್ನು ಕಂಬಳಿಯಲ್ಲಿ ಹಿಡಿಯುವವರು ನಾಲ್ಕು ಮಂದಿ,
ಸಾಲನ್ನು ಹಿಡಿಯುವವರು ನಾಡೆಲ್ಲ.
ಹತ್ತಿಯವನಿಗೆ ಹತ್ತಿ, ಜೋಳದವನಿಗೆ ಜೋಳ,
ಖುರ್ಚಿಯವನಿಗೆ ಖುರ್ಚಿ.
ಒಂದೇ ಸಾಲು, ಪಾಪ, ಎಷ್ಟು ಜನರನ್ನು ಹೊತ್ತೀತು.

ಇಲ್ಲಿ ಬಿಲ್ಲಿಲ್ಲ. ಶೇಕ್ಷಾವಲಿಯ ಗೋಡೆ ಇದೆ,
ಯಾರು ಏನು ಹೇಳಿದರೆಂದು ಪೆನ್ಸಿಲಿನಲ್ಲಿ,
ವರುಷದ ಕೆಳಗೆ ವರುಷ.
ಎರ್ರಿಸ್ವಾಮಿ: ಈ ಸಲ ನದಿಯ ಹೆಸರು.
ಗಾದಿಲಿಂಗ: ಚಾರ್ಜು ಮೂರು ದಿನ.
ವಾಷಿಂಗ್ ಘಟಕದ ಪಂಪಾರೆಡ್ಡಿ, ಉಗುರೆಲ್ಲ ನೀಲಿ,
ಬರೆದದ್ದು: ಹಳೇ ಫೋನಿಗೂ ಬರ್ತತಿ.
ಐದು ವರುಷವೂ ಅದನ್ನೇ ಬರೆದಿದ್ದಾನೆ.
ಅವನ ಫೋನಿನ ಗಾಜು ಒಡೆದು ಜೇಡರ ಬಲೆ,
ಬೆರಳನ್ನು ಹುಳದ ಹಾಗೆ ಹುಷಾರಾಗಿ ಇಡುತ್ತಾನೆ.
'ಪಟ್ಟಿಯಾಗ ನಂದಿದ್ರೆ ಸಾಕು' ಅನ್ನುತ್ತಾನೆ,
ರೇಷನ್ ಅಂಗಡಿ ಬಾಗಿಲಲ್ಲಿ ಅಂದ ಹಾಗೆ.

ಸೋತವರು ಮಿರ್ಚಿ ಕೊಡಿಸಬೇಕು.
ಪ್ರತಿವರ್ಷ ಎಲ್ಲರೂ ಸೋಲುತ್ತಾರೆ.
ನನಗೇನು, ವ್ಯಾಪಾರ.

ಈ ಸಲ ಹೊಸಬಳೊಬ್ಬಳು.
ಜೇಬು ಹೊಲಿಯುವ ನೂರುನ್ನೀಸಾಳ ಮಗಳು ತಸ್ಲೀಮ್,
ಪಾಲಿಟೆಕ್ನಿಕ್ ಎರಡನೇ ವರ್ಷ.
ಒಂದು ಆ್ಯಪ್ ಮಾಡಿದ್ದಾಳಂತೆ.
ಅಮ್ಮ ಮೆಶೀನಿನಿಂದ ಕೈ ತೆಗೆಯದೆ
'ಒಂದು ಡಜನ್ ಆತು' ಅಂದರೆ ಸಾಕು, ಬರೆದುಕೊಳ್ಳುತ್ತದೆ.
ಶನಿವಾರ ಮೇಸ್ತ್ರಿಯ ಎದುರು ಓದಿ ಹೇಳುತ್ತದೆ.
ನಲವತ್ತೊಂದು ಹೆಂಗಸರು ಇಟ್ಟುಕೊಂಡಿದ್ದಾರೆ.
ಅಷ್ಟು ಮೆಶೀನುಗಳ ಗದ್ದಲದಲ್ಲಿ
ಬಳ್ಳಾರಿಯ ಮಾತನ್ನು ಹೆಕ್ಕಿಕೊಳ್ಳಲು
ಅದಕ್ಕೆ ಆರು ತಿಂಗಳು ಕಲಿಸಿದಳಂತೆ.

ನೀನೇನು ಬರೀತಿ ಅಂದರು.
ಪೆನ್ಸಿಲ್ ತಿರುಗಿಸುತ್ತ ನಿಂತಳು.
ಕಂಪನಿ ಇವತ್ತು ಕನ್ನಡ ಕಲಿತುಬಿಟ್ಟರೆ
ಅವಳ ಆರು ತಿಂಗಳು ಒಂದು ಚಪ್ಪಾಳೆಗೆ ಮುಗಿಯಿತು.
ಕಲಿಯದಿದ್ದರೆ
ಸಿರುಗುಪ್ಪದವರ ಎಳೆತ, ಆದವಾನಿಯವರ ತೆಲುಗು ಬೆರೆತ ಕನ್ನಡ,
ಹಲ್ಲಿಲ್ಲದ ಖಾಜಾಬಿಯ ಎಂಟು, ಒಂಬತ್ತು,
ಒಂದೊಂದನ್ನೂ ಕೂತು ಇವಳೇ ಕಲಿಸಬೇಕು.
ಯಾವುದು ಬೇಕೆಂದು ನಾನು ಕೇಳಲಿಲ್ಲ.
ಎರಡು ಮಿರ್ಚಿ ಸುಮ್ಮನೆ ಕೊಟ್ಟೆ.
'ಇನ್ನೂ ಸೋತಿಲ್ಲ ಕಾಕಾ' ಅಂದು
ಇಪ್ಪತ್ತು ರೂಪಾಯಿ ಇಟ್ಟಳು.

ಆಮೇಲೆ ಗೋಡೆಯ ಮೇಲೆ ತನ್ನ ಹೆಸರು ಬರೆದು
ಎರಡು ಚುಕ್ಕೆ ಇಟ್ಟು
ಮುಂದೆ ಏನೂ ಬರೆಯಲಿಲ್ಲ.

ಹತ್ತೂ ಇಪ್ಪತ್ತೊಂಬತ್ತು.
ಕರೆಂಟು ಎರಡು ಸಲ ಕಣ್ಣು ಹೊಡೆದು ಉಳಿಯಿತು.
ಫೋನನ್ನು ಸಾಲ್ಡರಿಂಗ್ ಡಬ್ಬಿಗೆ ಒರಗಿಸಿದ್ದಾರೆ,
ಅಂಗೈಯಗಲ ಬೆಳಕಿಗೆ ಹತ್ತು ತಲೆ ಬಾಗಿವೆ.
ಅದರೊಳಗೆ ಖಾಲಿ ವೇದಿಕೆ, ಯಾರೂ ಬಂದಿಲ್ಲ.
ಎರ್ರಿಸ್ವಾಮಿಯದು ಇನ್ನೂ ನದಿಯದೇ ವಾದ.
ಬಾಂಡ್ಲಿಯಲ್ಲಿ ಕೊನೆಯ ಮಿರ್ಚಿ ಚೊಯ್ ಅನ್ನುತ್ತಿತ್ತು,
ಝಾರಿ ಹಾಕಿ ಅದನ್ನೂ ಎತ್ತಿಬಿಟ್ಟೆ.
ಬಾಯಿಗೆ ಬಂತು, ತಡೆಯಲಿಲ್ಲ:
ಸದ್ದಲೇ.